ಪಟ್ಟಿಗೆ ಸೇರಿದ ಹೆಸರು

ಹೊಳೆ ದಂಡೆಯಲ್ಲಿ ಒಂದು ಮಠ. ಅಲ್ಲಿನ ಗ್ರಂಥಭಂಡಾರದ ಕೆಲಸ ಶಿಷ್ಯ ರೇವಣಯ್ಯನದು.

ಓಲೆಗರಿಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಉಳಿದದ್ದು ಅವುಗಳ ಫೋಟೋ ಮಾತ್ರ, ಒಂದೇ ಒಂದು ಹಾರ್ಡ್ ಡಿಸ್ಕಿನಲ್ಲಿ. ಎರಡು ದಿನದಿಂದ ಆ ಡಿಸ್ಕೂ ಕಟಕಟ ಅನ್ನುತ್ತಿತ್ತು. ಅದು ನಿಲ್ಲುವುದರೊಳಗೆ ಎಲ್ಲವೂ ಟೇಪಿಗೆ ನಕಲಾಗಬೇಕು.

ನಕಲು ಮಾಡುವ ತಂತ್ರಾಂಶ ಮಾತ್ರ ಒಂದೇ ಮಾತು ಹೇಳುತ್ತಿತ್ತು: ಟೇಪ್ ಯಂತ್ರ ಮುಟ್ಟಲು ಅನುಮತಿ ಇಲ್ಲ.

ರೇವಣಯ್ಯ ಊಟಕ್ಕೂ ಏಳಲಿಲ್ಲ. ಕೊನೆಗೆ ಗುರುಗಳೇ ಬಂದು ಬಾಗಿಲಲ್ಲಿ ನಿಂತರು.

“ಬುದ್ಧಿ, ಈ ಯಂತ್ರವೇ ಕೆಟ್ಟಿರಬೇಕು.”

“ನೀನೇ ಟೇಪಿಗೆ ಬರೆದು ನೋಡಿದೆಯಾ?”

“ನನ್ನ ಕೈಯಿಂದ ಒಂದೊಂದೇ ಕಡತ ಕಳಿಸಿದರೆ ಹೋಗುತ್ತೆ. ಹಾಗೆ ಕೂತರೆ ವಾರ ಬೇಕು. ತಂತ್ರಾಂಶ ಕಳಿಸಿದರೆ ಬೇಡ ಅನ್ನುತ್ತೆ.”

“ಹಾಗಾದರೆ ಯಂತ್ರವನ್ನು ಬೈಯಬೇಡ.”

ರೇವಣಯ್ಯ ಹಲ್ಲು ಕಚ್ಚಿದ. “ಎಲ್ಲರಿಗೂ ಅನುಮತಿ ತೆರೆದುಬಿಡುತ್ತೇನೆ. ಪೀಡೆ ಕಳೆಯಲಿ.”

“ಯಾರು ಬೇಕಾದರೂ ಬರೆಯಬಹುದೋ?”

“ಹೌದು ಬುದ್ಧಿ.”

“ಅಳಿಸಲೂಬಹುದು.”

ಎತ್ತಿದ ಬೆರಳು ಕೀಲಿಮಣೆಯ ಮೇಲೆ ಇಳಿಯಲಿಲ್ಲ.

“ಯಂತ್ರ ಮುಟ್ಟಬಹುದಾದವರ ಪಟ್ಟಿ ಅಂತ ಒಂದಿರಬೇಕಲ್ಲ?” ಗುರುಗಳು ಕೇಳಿದರು.

“ಇದೆ. ತಂತ್ರಾಂಶದ ಹೆಸರು ಅದರಲ್ಲಿರಲಿಲ್ಲ. ಬೆಳಗ್ಗೆಯೇ ಸೇರಿಸಿದೆ. ನೀವೇ ನೋಡಿ. ಆದರೂ ಅದರದು ಅದೇ ರಾಗ!”

ಗುರುಗಳು ಕನ್ನಡಕ ಏರಿಸಿ ನೋಡಿದರು. ಹೆಸರು ಇತ್ತು.

“ಈ ತಂತ್ರಾಂಶ ಯಾವತ್ತಿನಿಂದ ನಡೆಯುತ್ತಿದೆ?”

“ಡಿಸ್ಕು ಕಟಕಟ ಅಂದ ದಿನದಿಂದ. ಒಂದು ಗಳಿಗೆಯೂ ನಿಲ್ಲಿಸಿಲ್ಲ.” ಆ ಮಾತಿನಲ್ಲಿ ಸ್ವಲ್ಪ ಜಂಬವಿತ್ತು.

“ಹೆಸರು ಸೇರಿಸಿದ್ದು?”

“ಇವತ್ತು ಬೆಳಗ್ಗೆ...”



“ಪಟ್ಟಿ ನೋಡುವುದು ಒಳಗೆ ಬರುವಾಗ ಮಾತ್ರ. ಆಗ ಸಿಕ್ಕ ಹಳೆಯ ಚೀಟಿಯನ್ನೇ ಅದು ಇನ್ನೂ ಹಿಡಿದು ಕೂತಿದೆ,” ಎಂದರು ಗುರುಗಳು. “ಎಬ್ಬಿಸಿ ಹೊರಗೆ ಕಳಿಸು. ಮತ್ತೆ ಬರಲಿ.”

ರೇವಣಯ್ಯ ತಂತ್ರಾಂಶವನ್ನು ನಿಲ್ಲಿಸಿದ. ಹತ್ತು ಎಣಿಸಿ ಮತ್ತೆ ಶುರುಮಾಡಿದ.

ಟೇಪು ತಿರುಗಿತು.

ಡಿಸ್ಕಿನ ಕಟಕಟ ಕೇಳುತ್ತ ಅವನು ಕದಲದೆ ಕೂತ. ದೀಪ ಹಚ್ಚುವ ಹೊತ್ತಿಗೆ ಕೊನೆಯ ಗರಿಯೂ ಟೇಪಿಗೆ ಸೇರಿತು. ಅಷ್ಟಕ್ಕೇ ಬಿಡಲಿಲ್ಲ. ಟೇಪಿನಿಂದ ನಾಲ್ಕು ಕಟ್ಟು ವಾಪಸು ತೆಗೆದು, ಗರಿ ಗರಿಯೂ ಓದಿ ನೋಡಿದ. ಒಂದಕ್ಷರವೂ ಹೋಗಿರಲಿಲ್ಲ.

ಆಮೇಲೆ ಗುರುಗಳ ಬಳಿ ಬಂದು ಕೈಮುಗಿದ.

“ಬುದ್ಧಿ, ಎಲ್ಲ ಉಳಿಯಿತು. ಹಳೆಯ ಡಿಸ್ಕು ಬಿಚ್ಚಿ ತೆಗೆಯಲು ತಮ್ಮ ಅಪ್ಪಣೆಯಾಗಬೇಕು.”

ಗುರುಗಳು ತಲೆ ಎತ್ತಲಿಲ್ಲ.

“ಭಂಡಾರವನ್ನು ನಿನಗೆ ಒಪ್ಪಿಸಿ ಮೂರು ವರ್ಷವಾಯಿತಲ್ಲಯ್ಯ. ಹಳೆಯ ಚೀಟಿ ಬಿಟ್ಟು ನೀನು ಯಾವಾಗ ಎದ್ದು ಬರುತ್ತೀಯ?”