ನಾಲ್ಕು ಮಡಿಕೆಯ ಬಟ್ಟೆ

ಹೊಳೆಯ ದಂಡೆಗೆ ಒಂದು ಮಠ. ಮಠಕ್ಕೆ ಒಂದು ಹಳೆಯ ಬಿಳಿ ಕಾರು. ಅದನ್ನು ಓಡಿಸುವವನು ಗದಿಗೆಯ್ಯ ಎಂಬ ಶಿಷ್ಯ.

ಮಠದ ಗುರುವನ್ನು ಊರವರು ಅಜ್ಜ ಎನ್ನುತ್ತಿದ್ದರು. ಕಾವಿ ಉಡುವ ಮೊದಲು ಅಜ್ಜ ಹನ್ನೆರಡು ವರ್ಷ ಗ್ಯಾರೇಜಿನಲ್ಲಿ ದುಡಿದವರು.

ಆ ಮಠದಲ್ಲೊಂದು ಕಟ್ಟಳೆಯಿತ್ತು. ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸದೆ ಯಾರೂ ನೀರು ಕುಡಿಯುವಂತಿಲ್ಲ. ಕಣ್ಣಿಗೆ ಕಾಣದ ಜೀವವೂ ನಮ್ಮ ಗಂಟಲಲ್ಲಿ ಸಾಯಬಾರದು. ಈ ಕಟ್ಟಳೆಯನ್ನು ಗದಿಗೆಯ್ಯ ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡಿದ್ದ. ಇರುವೆ ಬಂದರೆ ದಾರಿ ಬಿಡುತ್ತಿದ್ದ. ಮನುಷ್ಯರು ಬಂದರೆ ಅಷ್ಟೇನೂ ಬಿಡುತ್ತಿರಲಿಲ್ಲ.

ಒಂದು ಸಂಜೆ ಅವನು ಮುಖ ಬಾಡಿಸಿಕೊಂಡು ಅಜ್ಜನ ಮುಂದೆ ನಿಂತ. ಹೊಳೆಯ ಮೇಲೆ ಮಂಜು ಏಳುತ್ತಿತ್ತು. ಆಚೆ ದಂಡೆ ಇದೆಯೋ ಇಲ್ಲವೋ ತಿಳಿಯದಂತಿತ್ತು.

“ಅಜ್ಜಾರ, ಗಾಡಿ ಏರು ಹತ್ತವಲ್ದ್ರಿ. ಕಾಲು ಪೂರಾ ಒತ್ತಿದ್ರೂ ವೇಗ ಎತ್ತಂಗಿಲ್ಲ. ಸೈಕಲ್ಲಿನವರು ನನ್ನ ದಾಟಿ ಹೊಕ್ಕಾರ್ರಿ.”

“ಎಷ್ಟು ದಿನಾ ಆತು?” ಅಜ್ಜ ನಗುತ್ತ ಕೇಳಿದರು.

“ಎಂಟು ದಿನಾ ಆತ್ರಿ.”

ಅಜ್ಜನ ನಗು ಮಾಯವಾಯಿತು. ಅಂಬಿಗರ ಓಣಿಯ ನೀಲವ್ವನಿಗೆ ದಿನ ತುಂಬಿತ್ತು. ಹೋದ ವರ್ಷ ಅವಳ ಚೊಚ್ಚಲ ಕೂಸು ಆಸ್ಪತ್ರೆ ಮುಟ್ಟುವ ಮೊದಲೇ ಎತ್ತಿನ ಗಾಡಿಯಲ್ಲೇ ತೀರಿಹೋಗಿತ್ತು. ಆಮೇಲೆಯೇ ಅಜ್ಜ ಭಕ್ತರೊಬ್ಬರನ್ನು ಕೇಳಿ ಈ ಕಾರು ತಂದದ್ದು. ಈ ಸಲ ನಾವು ಮುಟ್ಟಿಸುತ್ತೇವೆ ಎಂದು ಅವಳಿಗೆ ಮಾತು ಕೊಟ್ಟಿದ್ದರು. ಹೊಳೆಯಿಂದ ಡಾಂಬರು ರಸ್ತೆಗೆ ಇದ್ದದ್ದು ಒಂದೇ ದಾರಿ, ಅದೂ ಬರೀ ಏರು.

“ಏನೇನು ಮಾಡಿ ನೋಡಿದಿ?”

“ಹೊಸಾ ಪೆಟ್ರೋಲ್ ಹಾಕೀನ್ರಿ. ಗಾಲಿಗೆ ಗಾಳಿ ತುಂಬೀನ್ರಿ. ಎರಡು ದಿನಾ ಉಪವಾಸಾನೂ ಮಾಡೀನ್ರಿ.”

“ಉಪವಾಸ ಮಾಡಿದಾವ ನೀನು. ನಿತ್ರಾಣ ಅದಕ್ಕ್ಯಾಕ ಬಂತೋ?”

ಅಜ್ಜ ಎದ್ದು ಮೆಟ್ಟಿಲಿಳಿದು ಕಾರಿನ ಹತ್ತಿರ ಬಂದರು. ಜಾಕ್ ಕೊಟ್ಟು ಗಾಲಿ ಎತ್ತಿಸಿ ಕೈಯಿಂದ ತಿರುವಿದರು. ಗಾಲಿ ಸರಾಗವಾಗಿ ತಿರುಗಿತು.

“ಬ್ರೇಕ್ ಹಿಡದಿಲ್ಲ. ಏರಿನ್ಯಾಗ ಇಂಜಿನ್ ಒದರಿ, ಗಾಡಿ ಹಿಂದ ಉಳೀತೈತೇನು?”

“ಇಲ್ರಿ. ಇಂಜಿನ್ನೂ ಒದರಂಗಿಲ್ಲ. ನರಳತೈತ್ರಿ.”

“ಹಂಗಾದ್ರ ಕ್ಲಚ್ಚೂ ಅಲ್ಲ. ಹೊಗಿ ಯಾವ ಬಣ್ಣ?”

“ಕರೀದ್ರಿ.”

ಅಜ್ಜ ಒಂದು ಪ್ಲಗ್ ಬಿಚ್ಚಿ ಹೆಬ್ಬೆರಳಿನಿಂದ ಒರೆಸಿದರು. ಬೆರಳಿಗೆಲ್ಲ ಮಸಿ ಹತ್ತಿತು.

“ಪೆಟ್ರೋಲ್ ಬರಾಕತ್ತೈತಿ. ಪೂರಾ ಉರೀವಲ್ದು.”

ಅವರು ಇಂಜಿನ್ನಿನ ಮೇಲೆ ಬಾಗಿದರು. ಗಾಳಿ ಒಳಗೆ ಹೋಗುವ ಬಾಯಿಗೆ ನಾಲ್ಕು ಮಡಿಕೆಯ ಬಿಳಿ ಬಟ್ಟೆಯನ್ನು ಬಿಗಿದು ಕಟ್ಟಿತ್ತು.

“ಇದೇನೋ?”

“ನಾ ಕಟ್ಟೀನ್ರಿ,” ಎಂದ ಗದಿಗೆಯ್ಯ. ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. “ಎಂಟು ದಿನದ ಹಿಂದ ಗಾಳಿ ಸೋಸೋ ಡಬ್ಬಿ ಬಿಚ್ಚಿದ್ರ ಒಳಗ ಬೊಗಸಿ ತುಂಬ ಸತ್ತ ಹುಳಾ ಇದ್ದುವ್ರಿ. ಊಟ ಸೇರಲಿಲ್ಲ. ಈಗ ಒಂದೂ ಒಳಗ ಹೋಗಂಗಿಲ್ರಿ.”

“ಏನೇನು ಮಾಡಿದಿ ಅಂತ ಕೇಳಿದಾಗ ಇದನ್ಯಾಕ ಹೇಳಲಿಲ್ಲ?”

“ಇದು ಗಾಡಿ ಕೆಲಸ ಅಲ್ಲಲ್ರಿ. ಪುಣ್ಯದ ಕೆಲಸ.”

ಅಜ್ಜ ಬಟ್ಟೆಯನ್ನು ಬಿಚ್ಚಿ, ಮಡಿಕೆ ಕೆಡದಂತೆ ಶಿಷ್ಯನ ಮೂಗು ಬಾಯಿಗೆ ಬಿಗಿದು ಕಟ್ಟಿದರು. ಹೊಳೆಯಿಂದ ಮಠದ ಬಾಗಿಲಿಗೆ ಏರುವ ಮೆಟ್ಟಿಲು ತೋರಿಸಿದರು.

“ಓಡು.”

ಗದಿಗೆಯ್ಯ ಓಡಿದ. ಹತ್ತು ಮೆಟ್ಟಿಲು ಚೆನ್ನಾಗಿಯೇ ಏರಿದ. ಇಪ್ಪತ್ತಕ್ಕೆ ಕಾಲು ಭಾರವಾಯಿತು. ಮೂವತ್ತಕ್ಕೆ ಬಟ್ಟೆಯನ್ನು ಕಿತ್ತೆಸೆದು ಕುಸಿದು ಕುಳಿತ.

“ಯಾಕ ತಗದಿ?” ಕೆಳಗಿನಿಂದ ಅಜ್ಜ ಕೇಳಿದರು.

“ಉಸಿರು ಕಟ್ಟಿತ್ರೀ!”

ಕೂಗಿದ ಮೇಲೆ ತಾನು ಏನೆಂದೆ ಎಂಬುದು ಅವನಿಗೇ ಕೇಳಿಸಿತು. ಅವನು ಕೆಳಗೆ ನಿಂತ ಕಾರನ್ನು ನೋಡಿದ. ಎಂಟು ದಿನ ಅದನ್ನು ಬೈದದ್ದು ನೆನಪಾಗಿ ತಲೆ ತಗ್ಗಿಸಿದ.

ಅಜ್ಜ ಪ್ಲಗ್ಗುಗಳನ್ನು ಒರೆಸಿ ಮತ್ತೆ ಕೂರಿಸುವಷ್ಟರಲ್ಲಿ ನೀಲವ್ವನ ಗಂಡ ಮಂಜಿನೊಳಗಿಂದ ಓಡಿ ಬಂದ.

“ಅಜ್ಜಾರ, ಬ್ಯಾನಿ ಸುರು ಆಗ್ಯಾವ್ರಿ!”

ನೀಲವ್ವ ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಅಜ್ಜ ಮುಂದೆ ಕುಳಿತರು. ಗದಿಗೆಯ್ಯ ದೀಪ ಹಾಕಿ ಕಾಲು ಒತ್ತಿದ.

ಕಾರು ಏರು ಹತ್ತಿತು. ಅಷ್ಟು ಸಲೀಸಾಗಿ ಹತ್ತಿತೆಂದರೆ ಅವನು ಸಂತೋಷಕ್ಕೆ ಸ್ಟೀರಿಂಗನ್ನು ಸವರಿದ. ಹೊಳೆ, ಮಠ, ಓಣಿಯ ದೀಪಗಳು ಒಂದೊಂದಾಗಿ ಮಂಜಿನಲ್ಲಿ ಕರಗಿದವು.

ಅರ್ಧ ಏರಿನಲ್ಲಿ ಹುಳಗಳು ಎದುರಾದವು. ಬಿಳಿ ರೆಕ್ಕೆಯವು, ಸಾವಿರಾರು, ಹಿಂಜಿದ ಅರಳೆಯ ಹಾಗೆ ತೇಲುತ್ತ ಬೆಳಕಿನತ್ತ ಬರುತ್ತಿದ್ದವು. ಮಂಜು ಯಾವುದು, ರೆಕ್ಕೆ ಯಾವುದು ಗೊತ್ತಾಗುತ್ತಿರಲಿಲ್ಲ. ಒಂದರ ಹಿಂದೊಂದು ಗಾಜಿಗೆ ಬಡಿದು ಅಲ್ಲೇ ಅಂಟಿಕೊಳ್ಳುತ್ತಿದ್ದವು.

ಗದಿಗೆಯ್ಯನ ಕಾಲು ತಾನಾಗಿಯೇ ಸಡಿಲಾಯಿತು. ಕಾರು ನಿಧಾನವಾಯಿತು. ಹಿಂದೆ ನೀಲವ್ವ ಹಲ್ಲು ಕಚ್ಚಿ ನರಳಿದಳು.

“ಯಾಕೋ?”

“ಸಾಯಾಕತ್ತಾವ್ರಿ, ಅಜ್ಜಾರ. ನನ್ನ ಕೈಯಾಗ ಸಾಯಾಕತ್ತಾವು.”

ಅಜ್ಜ ಗಾಜನ್ನು ನೋಡಿದರು. ಅವರ ಕಣ್ಣೂ ಒದ್ದೆಯಾಗಿತ್ತು.

“ಹೌದಪ್ಪ, ಸಾಯಾಕತ್ತಾವು. ಅಳು ಬಂದ್ರ ಅಳು. ಕಾಲು ಮಾತ್ರ ತಗೀಬ್ಯಾಡ.”