ಬೆಕ್ಕು ಒಳಗೆ ಕೂತ ಮೇಲೆ

ಹಾಸಿಗೆ, ಒಲೆ ಎಲ್ಲ ಇದ್ದ ಪ್ರವಾಸದ ಹೊಸ ವ್ಯಾನೊಂದರ ಚಾವಣಿ ಸೋರುತ್ತಿತ್ತು. ವಾರಂಟಿ ಆ ಸಂಜೆಗೆ ಮುಗಿಯುವುದಿತ್ತು. ವ್ಯಾನು ಮತ್ತೆ ಸರ್ವಿಸ್ ಸೆಂಟರಿಗೆ ಬಂದು, ಅಲ್ಲಿ ಮ್ಯಾನೇಜರ್ ಆಗಿದ್ದ ಬೆಕ್ಕಿನ ಎದುರು ನಿಂತಿತು.

"ಹೊಸ ಗಾಡಿ ಎಲ್ಲಾದರೂ ಸೋರುತ್ತದೆಯೇ?" ಎಂದಿತು ಬೆಕ್ಕು, ಬೆಣ್ಣೆಯಂಥ ದನಿಯಲ್ಲಿ. "ಯಾರದೋ ಕಣ್ಣು ಬಿದ್ದಿದೆ. ಮುಂದೆ ಇನ್ನೊಂದು ನಿಂಬೆಹಣ್ಣು ಕಟ್ಟಿಸಿಕೊಳ್ಳಿ. ಚೆನ್ನಾಗಿ ತೊಳೆದು ಕಳಿಸುತ್ತೇವೆ."

ಹಿಂದಿನ ಸಲವೂ ಬರೀ ತೊಳೆದೇ ಕಳಿಸಿದ್ದರು.

ಗೇಟಿನ ಬಳಿ ಮಲಗಿದ್ದ ನಾಯಿ ಪಿಸುಗುಟ್ಟಿತು. "ಸ್ವಲ್ಪ ಬಾಲ ಅಲ್ಲಾಡಿಸಿ ಅಕ್ಕಾ, ಕೆಲಸ ಆಗುತ್ತದೆ. ನಾನು ಬದುಕಿರುವುದೇ ಹಾಗೆ."

"ನನಗೆ ಬಾಲ ಇಲ್ಲಪ್ಪ," ಎಂದಿತು ವ್ಯಾನು. "ನಾನು ಬೇಡುವುದಕ್ಕೆ ಬಂದಿಲ್ಲ. ಮಾರುವಾಗ ಇವರೇ ಕೊಟ್ಟ ಮಾತನ್ನು ಕೇಳುವುದಕ್ಕೆ ಬಂದಿದ್ದೇನೆ." ಆಮೇಲೆ ಬೆಕ್ಕಿನತ್ತ ತಿರುಗಿ ಬಾಗಿಲು ತೆರೆಯಿತು. "ಧಾರಾಳವಾಗಿ ತೊಳೆಸಿ ಸ್ವಾಮಿ. ತೊಳೆಯುವಷ್ಟು ಹೊತ್ತು ನೀವು ಒಳಗೆ ನನ್ನ ಹಾಸಿಗೆಯ ಮೇಲೆ ಕೂತಿರಿ, ಸಾಕು."

ಹಾಸಿಗೆ ಮೆತ್ತಗಿತ್ತು. ಬೆಕ್ಕು ಮುದುಡಿಕೊಂಡು ಮಲಗಿತು. ಹೊರಗೆ ಪೈಪಿನ ನೀರು ಚಾವಣಿಗೆ ಬಿತ್ತು. ಒಳಗೆ ಮೊದಲ ಹನಿ ಬೆಕ್ಕಿನ ಕಿವಿಗೆ ಬಿತ್ತು, ಇನ್ನೊಂದು ಬೆನ್ನಿಗೆ, ಆಮೇಲೆ ಧಾರೆಯೇ ಇಳಿಯಿತು.

ತೊಯ್ದು ತೊಪ್ಪೆಯಾದ ಬೆಕ್ಕು ಹೊರಗೆ ಜಿಗಿದು, "ಚಾವಣಿ ಬಿಚ್ಚಿ, ಹೊಸ ರಬ್ಬರ್ ಹಾಕಿ, ಈಗಲೇ" ಎಂದಿತು.

"ನಿಂಬೆಹಣ್ಣು ತರಲೇ ಸ್ವಾಮಿ?" ಎಂದು ಕೇಳಿತು ನಾಯಿ.

ಸಂಜೆ, ಸೋರದ ಚಾವಣಿ ಹೊತ್ತು ಹೊರಟ ವ್ಯಾನು ಯಾರಿಗೂ ಕೈಮುಗಿಯಲಿಲ್ಲ. ಗೇಟಿನಲ್ಲಿ ನಾಯಿ ಎದ್ದು ನಿಂತು ದಾರಿ ಬಿಟ್ಟಿತು. ಅದರ ಬಾಲ ಅಂದು ಅಲ್ಲಾಡದೆ ನೆಟ್ಟಗಿತ್ತು.