ಗರಗಸದ ಹಿಂದೆ ನಿಂತವನು

“ಗುರುಗಳೇ, ಆಡಿದ ಹೊತ್ತಿಗೆ ನಿಜವಲ್ಲದ ಮಾತು ಸ್ವಲ್ಪ ಹೊತ್ತಿಗೆ ನಿಜವಾಗಿಬಿಟ್ಟರೆ, ಅದನ್ನು ಸುಳ್ಳು ಅನ್ನಬಹುದೇ?” ಎಂದು ಶಿಷ್ಯ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕುಳಿತಿದ್ದರು. ಅವರ ಕಣ್ಣು ಮಂದವಾಗಿ ಬಹಳ ಕಾಲವಾಗಿತ್ತು. ಎದುರಿಗೆ ಬಂದವರನ್ನು ದನಿಯಿಂದ ಗುರುತಿಸುತ್ತಿದ್ದರು, ದಾರಿಯನ್ನು ಊರುಗೋಲಿನಿಂದ. ಆದರೂ ದಿನ ಬೆಳಗಾದರೆ ಅಂಗಳ ದಾಟಿ ಹೋಗಿ ಪೂಜೆಗೆ ಹೂ ತಾವೇ ಬಿಡಿಸಿ ತರುತ್ತಿದ್ದರು. ಇವತ್ತು ಹೂಬುಟ್ಟಿ ಪಕ್ಕದಲ್ಲಿ ಖಾಲಿಯಾಗಿಯೇ ಇತ್ತು. ಊರುಗೋಲು ಜಾರದಿರಲೆಂದು ಅದರ ತುದಿಗೆ ಬಟ್ಟೆ ಸುತ್ತಿದ್ದರು. ಆ ಕೋಲನ್ನು ತಲೆಕೆಳಗು ಮಾಡಿ ಗೋಡೆಗೆ ಒರಗಿಸಿದ್ದರು.

“ಯಾರ ಮಾತು?” ಎಂದರು.

“ನನ್ನದೇ. ಬೆಳಿಗ್ಗೆ ಅಂಗಳದ ನೀರಿನ ಸಂಪಿನ ಮುಚ್ಚಳ ಹಾಕಿದೆಯಾ ಎಂದು ತಾವು ಕೇಳಿದಿರಿ. ನಾನು ಅಡುಗೆಮನೆಯಿಂದಲೇ ‘ಹಾಕಿದೆ’ ಎಂದೆ. ಆಗ ಇನ್ನೂ ಹಾಕಿರಲಿಲ್ಲ. ಒಲೆಯ ಮೇಲೆ ಹಾಲಿತ್ತು. ಅದು ಉಕ್ಕುವ ತನಕ ಕಾದು, ಇಳಿಸಿ, ಆಮೇಲೆ ಹೋಗಿ ಹಾಕಿದೆ. ಅಡುಗೆಯವರು ಅದನ್ನು ಸುಳ್ಳು ಅನ್ನುತ್ತಾರೆ. ಹಾಕಬೇಕಾದವನು ನಾನು, ಹಾಕಿದ್ದೂ ನಾನೇ. ಯಾರಿಗೆ ಏನು ನಷ್ಟವಾಯಿತು?”

“ನೀನು ಪ್ರಶ್ನೆ ಕೇಳಲು ಬಂದೆಯೋ, ತೀರ್ಪು ಬರೆದುಕೊಂಡು ಬಂದು ನನ್ನ ರುಜು ಕೇಳುತ್ತಿದ್ದೀಯೋ?” ಎಂದು ಗುರುಗಳು ನಕ್ಕರು. ಆ ನಗು ಬಹಳ ಹೊತ್ತು ಇರಲಿಲ್ಲ. “ಕುಳಿತುಕೋ. ಒಬ್ಬ ಬಡಗಿಯ ಕತೆ ಹೇಳುತ್ತೇನೆ.”

ಒಬ್ಬ ಬಡಗಿ ಇದ್ದ. ಅವನ ಕಾರ್ಖಾನೆಯಲ್ಲಿ ಒಂದು ಬ್ಯಾಂಡ್ ಸಾ ಮಿಷನ್ನು ಇತ್ತು. ಮೇಲೊಂದು ಚಕ್ರ, ಕೆಳಗೊಂದು ಚಕ್ರ. ಎರಡನ್ನೂ ಸುತ್ತಿ ಓಡುವ ಗರಗಸದ ಪಟ್ಟಿ. ನಡುವೆ ಒಂದು ಕಬ್ಬಿಣದ ಮೇಜು. ಮೇಜಿನ ಮೇಲೆ ಮರ ಇಟ್ಟು ತಳ್ಳಿದರೆ ಗರಗಸ ಸೀಳುತ್ತದೆ. ಅದಕ್ಕೆ ಮರವೂ ಒಂದೇ, ಮಾಂಸವೂ ಒಂದೇ.

ಅಲ್ಲಿ ಇಬ್ಬರು ಸೇರಿ ಕೆಲಸ ಮಾಡುತ್ತಿದ್ದರು. ಮುಂದೆ ನಿಂತವನು ಮರ ತಳ್ಳಬೇಕು. ಹಿಂದೆ ನಿಂತವನು ಸೀಳಿ ಬಂದ ಹಲಗೆಯನ್ನು ಹಿಡಿದು ಎಳೆದುಕೊಳ್ಳಬೇಕು. ಮುಂದೆ ಬಡಗಿ ನಿಲ್ಲುತ್ತಿದ್ದ. ಹಿಂದೆ ಅವನ ಭಾವ, ಅಂದರೆ ಅಕ್ಕನ ಗಂಡ, ನಿಲ್ಲುತ್ತಿದ್ದ. ಹಲಗೆ ಎಳೆಯುವುದು ಭಾವನ ಅರ್ಧ ಕೆಲಸ. ಉಳಿದ ಅರ್ಧ ಕೆತ್ತನೆ. ಅವನು ಉಳಿ ಹಿಡಿದು ಬಾಗಿಲಿನ ಮೇಲೆ ಬಳ್ಳಿ ಬಿಡಿಸಿ ಗಿಳಿ ಕೂರಿಸಿದರೆ, ಮನೆ ಕಟ್ಟಿಸುವವರು ಬೇರೆ ಊರುಗಳಿಂದ ಹುಡುಕಿಕೊಂಡು ಬರುತ್ತಿದ್ದರು. ಕಾರ್ಖಾನೆ ಬಡಗಿಯದು, ಅದಕ್ಕೆ ಹೆಸರು ತಂದ ಕೈ ಭಾವನದು. ಬಡಗಿಗೆ ಇದು ಗೊತ್ತಿತ್ತು. ಅದಕ್ಕಾಗಿ ಅವನು ಹೊಟ್ಟೆ ಉರಿದುಕೊಂಡವನಲ್ಲ. ಒಳ್ಳೆಯ ಮನುಷ್ಯ.

ಬಹಳ ಎಚ್ಚರದವನೂ ಹೌದು. ಮಿಷನ್ನಿನ ಮುಂದೆ ನಿಲ್ಲುವ ಮೊದಲು ಬೆರಳಿನ ಉಂಗುರ ತೆಗೆದು ಗೂಡಿನಲ್ಲಿ ಇಡುತ್ತಿದ್ದ. ಅಂಗಿಯ ತೋಳು ಮಡಚುತ್ತಿದ್ದ, ಹೆಗಲ ಮೇಲಿನ ಟವೆಲ್ಲನ್ನು ಗೂಟಕ್ಕೆ ಹಾಕುತ್ತಿದ್ದ. ಮರದೊಳಗೆ ಹಳೆಯ ಮೊಳೆ ಇದೆಯೇ ಎಂದು ಕೈಯಾಡಿಸಿ ನೋಡುತ್ತಿದ್ದ. ಗರಗಸಕ್ಕೆ ಇರುವ ತಗಡಿನ ಮರೆಯನ್ನು ಮರದ ದಪ್ಪಕ್ಕೆ ಸರಿಯಾಗಿ ಇಳಿಸಿ, ಬೇಕಾದಷ್ಟು ಹಲ್ಲನ್ನು ಮಾತ್ರ ಹೊರಗೆ ಬಿಡುತ್ತಿದ್ದ. ಮರ ಮುಗಿಯುತ್ತ ಬಂದಾಗ ಕೈ ಹಿಂದಕ್ಕೆ ತೆಗೆದು ಕೋಲಿನಿಂದ ತಳ್ಳುತ್ತಿದ್ದ. ಕೆಲಸ ಕಲಿತಾಗಿನಿಂದ ಅವನ ಮೈಗೆ ಒಂದು ಗೀರೂ ಬಿದ್ದಿರಲಿಲ್ಲ. ಕಾರ್ಖಾನೆ ನೋಡಲು ಬಂದವರಿಗೆ ಎರಡೂ ಕೈ ಚಾಚಿ ಬೆರಳು ತೋರಿಸುತ್ತಿದ್ದ.

ಇವೆಲ್ಲದರ ಜೊತೆಗೆ ಇನ್ನೊಂದು ನೇಮವಿತ್ತು. ಸ್ವಿಚ್ಚು ಆರಿಸಿದ ಕೂಡಲೇ ಆ ಮಿಷನ್ನು ನಿಲ್ಲುವುದಿಲ್ಲ. ಚಕ್ರಗಳು ಭಾರ. ಕರೆಂಟು ಹೋದ ಮೇಲೂ ತಮ್ಮಷ್ಟಕ್ಕೆ ತಿರುಗುತ್ತಿರುತ್ತವೆ, ಗರಗಸ ಓಡುತ್ತಿರುತ್ತದೆ. ಓಡುವಾಗ ಅದರ ಹಲ್ಲು ಕಾಣುವುದಿಲ್ಲ. ನುಣುಪಾದ ಒಂದು ರಿಬ್ಬನ್ನು ಸುಮ್ಮನೆ ನಿಂತಿದೆ ಅನ್ನಿಸುತ್ತದೆ. ಹಲ್ಲು ಒಂದೊಂದಾಗಿ ಕಣ್ಣಿಗೆ ಬಿದ್ದರೆ ಮಾತ್ರ ನಿಜವಾಗಿ ನಿಂತಿದೆ ಎಂದು ಅರ್ಥ. ಆ ಹಲ್ಲು ಇರುವುದು ಮುಂದಿನ ಕಡೆಗೆ. ಹಿಂದೆ ನಿಂತವನಿಗೆ ಪಟ್ಟಿಯ ಬೆನ್ನು ಮಾತ್ರ ಕಾಣುತ್ತದೆ. ಓಡುವಾಗಲೂ ಅದು ಹಾಗೆಯೇ, ನಿಂತಾಗಲೂ ಹಾಗೆಯೇ.

ಆದ್ದರಿಂದ ಇಬ್ಬರ ನಡುವೆ ಒಂದು ಕೂಗು ಇತ್ತು. ಬಡಗಿ ಸ್ವಿಚ್ಚು ಆರಿಸಿ, ಕಾದು, ಹಲ್ಲು ಕಂಡ ಮೇಲೆ “ನಿಂತಿದೆ ಭಾವ” ಎಂದು ಕೂಗಬೇಕು. ಆಮೇಲೆಯೇ ಭಾವ ಗರಗಸವನ್ನು ಸುತ್ತಿ ಮುಂದಕ್ಕೆ ಕೈ ಚಾಚಿ, ಮೇಜಿನ ಸಂದಿಯಲ್ಲಿ ಸಿಕ್ಕಿಕೊಂಡ ಚಕ್ಕೆಗಳನ್ನು ತೆಗೆಯಬೇಕು. ಮಿಷನ್ನು ತಂದ ದಿನವೇ ಇಬ್ಬರೂ ಇದನ್ನು ಮಾತಾಡಿಕೊಂಡಿದ್ದರು.

ಮೊದಮೊದಲು ಬಡಗಿ ಹಲ್ಲು ನೋಡಿಯೇ ಕೂಗುತ್ತಿದ್ದ. ಮಿಷನ್ನು ಹೊಸದು, ಭಯವೂ ಹೊಸದು. ವರ್ಷಗಳು ಕಳೆದವು. ಹಲ್ಲು ಕಾಣುವ ತನಕ ಕೈ ಕಟ್ಟಿಕೊಂಡು ನಿಲ್ಲುವುದು ಬೇಸರವಾಯಿತು. ಸದ್ದು ತಗ್ಗಿದ ಕೂಡಲೇ ಕೂಗತೊಡಗಿದ. ಇನ್ನೇನು ನಿಲ್ಲುತ್ತದಲ್ಲ ಎಂದುಕೊಂಡ. ಆಮೇಲೆ ಸ್ವಿಚ್ಚಿನ ಮೇಲೆ ಕೈ ಇರುವಾಗಲೇ ಕೂಗತೊಡಗಿದ. ಕೂಗಿ, ಮುಂದಿನ ಮರಕ್ಕೆ ಗುರುತು ಹಾಕಲು ತಿರುಗಿಬಿಡುತ್ತಿದ್ದ. ಭಾವ ಹಲಗೆಯನ್ನು ಗೋಡೆಗೆ ಒರಗಿಸಿ, ಕೈಯ ಹೊಟ್ಟು ಒರೆಸಿಕೊಂಡು ಬರುವ ಹೊತ್ತಿಗೆ ಗರಗಸ ನಿಂತೇ ಇರುತ್ತಿತ್ತು.

ಒಮ್ಮೆ ಭಾವ ಚಾಚಿದ ಕೈ ಹಿಂದಕ್ಕೆಳೆದುಕೊಂಡು, “ಇನ್ನೂ ಸುಯ್ ಅಂತಿದೆಯಲ್ಲೋ” ಎಂದ. ಬಡಗಿ ತಿರುಗಿಯೂ ನೋಡದೆ, “ನಿಮ್ಮ ಕೈ ಬರೋ ಹೊತ್ತಿಗೆ ನಿಲ್ಲುತ್ತೆ ಬಿಡಿ ಭಾವ” ಎಂದ. ಇಬ್ಬರೂ ನಕ್ಕರು.

“ಇಲ್ಲಿ ಸ್ವಲ್ಪ ಗಮನಿಸು” ಎಂದರು ಗುರುಗಳು. “ಉಂಗುರ ತೆಗೆಯುವುದನ್ನು ಅವನು ಬಿಡಲಿಲ್ಲ. ಕೋಲು ಹಿಡಿಯುವುದನ್ನೂ ಬಿಡಲಿಲ್ಲ. ಅವು ಅವನ ಕೈ ಕಾಯುವ ನೇಮಗಳು. ಸಡಿಲವಾದದ್ದು ಭಾವನ ಕೈ ಕಾಯುವ ನೇಮ. ಕೆಟ್ಟ ಮನಸ್ಸಿನಿಂದಲ್ಲ. ಬೀಳುವ ಏಟು ನಮ್ಮ ಮೈಗಲ್ಲ ಎಂದಾಗ ನಮಗೆಲ್ಲ ಕಾಯುವುದು ಬೇಗ ಬೇಸರವಾಗುತ್ತದೆ.”

ಶಿಷ್ಯ ತಲೆಯಾಡಿಸಿದ. ಗುರುಗಳು ಕತೆ ಮುಂದುವರಿಸಿದರು.

ಕಾರ್ಖಾನೆಗೆ ಕೆಲಸ ಹೆಚ್ಚಿತು. ಮರ ನಯ ಮಾಡುವ ಇನ್ನೊಂದು ಮಿಷನ್ನು ಬಂತು. ಅದನ್ನು ನಡೆಸಲು ಒಬ್ಬ ಕೆಲಸಗಾರ ಬಂದ. ಮೊದಲ ದಿನ ಅವನು ತೋಳು ಇಳಿಬಿಟ್ಟ ಅಂಗಿ ತೊಟ್ಟು ಬಂದಿದ್ದಕ್ಕೆ ಬಡಗಿ ಬೈದು ಮನೆಗೆ ಕಳಿಸಿದ. ಎಚ್ಚರ ಅಂದರೆ ಅಷ್ಟು ಎಚ್ಚರ. ಆದರೆ ಹೊಸ ಮಿಷನ್ನಿನ ಸದ್ದು ದೊಡ್ಡದು. ಅದು ಓಡುತ್ತಿದ್ದರೆ ಕಿರುಚಿದ ಮಾತಷ್ಟೇ ಕೇಳುತ್ತಿತ್ತು. ಇಷ್ಟು ಕಾಲ ಬಡಗಿಯ ಕೂಗು ಮುಂಚಿತವಾದಾಗಲೆಲ್ಲ ಭಾವನನ್ನು ಕಾಪಾಡಿದ್ದು ಭಾವನ ಕಿವಿ. ಅದನ್ನು ಇಬ್ಬರೂ ತಿಳಿದಿರಲಿಲ್ಲ.

ಆ ದಿನಗಳಲ್ಲಿ ಒಬ್ಬ ವ್ಯಾಪಾರಿಯ ಮನೆಗೆ ಜೋಡಿ ಕದದ ಬಾಗಿಲು ತಯಾರಾಗುತ್ತಿತ್ತು. ಒಂದು ಕದದ ಮೇಲೆ ಭಾವ ಬಳ್ಳಿ, ಹೂ, ಗಿಳಿ ಎಲ್ಲ ಕೆತ್ತಿ ಮುಗಿಸಿದ್ದ. ಇನ್ನೊಂದು ಕದವನ್ನೂ ಜೋಡಿಸಿ ಆಗಿತ್ತು. ಚೌಕಟ್ಟಿನ ಮರ ಸೀಳುವುದಷ್ಟೇ ಬಾಕಿ. ಅದು ಮುಗಿದರೆ ಕೆತ್ತಲು ಕೂರಬಹುದು ಎಂದು ಭಾವನಿಗೆ ಆತುರ. ಎರಡನೆಯ ಗಿಳಿಯನ್ನು ಮೊದಲನೆಯದರ ಕಡೆಗೆ ತಿರುಗಿಸಿ ಕೂರಿಸುತ್ತೇನೆ ಎಂದು ಬೆಳಿಗ್ಗೆಯಷ್ಟೇ ಹೇಳಿದ್ದ.

ಬಡಗಿ ಸ್ವಿಚ್ಚು ಆರಿಸಿದ. ಪಕ್ಕದ ಸದ್ದಿನಲ್ಲಿ ತನ್ನ ಮಾತು ಕೇಳಿಸಲಿಕ್ಕಿಲ್ಲ ಎಂದು ಎಂದಿಗಿಂತ ಜೋರಾಗಿ ಕೂಗಿದ. “ನಿಂತಿದೆ ಭಾವ!” ಕೂಗಿ, ತಿರುಗಿಕೊಂಡ. ಭಾವನಿಗೆ ಕೂಗು ಕೇಳಿಸಿತು. ಗರಗಸದ ಸುಯ್ ಅನ್ನುವ ಸದ್ದು ಕೇಳಿಸಲಿಲ್ಲ. ಕೈ ಚಾಚಿದ.

ಉಳಿ ಹಿಡಿಯುವ ಕೈಯ ಹೆಬ್ಬೆರಳು, ತೋರುಬೆರಳು ಹೋದವು.

ಊರವರು ಬಂದರು. ದೃಷ್ಟಿ ತಾಗಿದೆ ಎಂದರು. ಅಷ್ಟು ಚೆಂದದ ಕದವನ್ನು ರಸ್ತೆಗೆ ಕಾಣುವ ಹಾಗೆ ಇಟ್ಟರೆ ಕಣ್ಣು ಬೀಳದೆ ಇರುತ್ತದೆಯೇ ಎಂದರು. ಹೊಸ ಮಿಷನ್ನಿಗೆ ಪೂಜೆ ಸರಿಯಾಗಿ ಆಗಿಲ್ಲ ಎಂದವರೂ ಇದ್ದರು. ಬೂದುಗುಂಬಳ ಒಡೆದರು. ಗರಗಸದ ಮಿಷನ್ನಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಕಟ್ಟಿದವಳು ಬಡಗಿಯ ಅಕ್ಕ. ಕಟ್ಟುತ್ತ ಅತ್ತಳು. ಬಡಗಿ ಪಕ್ಕದಲ್ಲಿ ನಿಂತು ದಾರ ಹಿಡಿದುಕೊಟ್ಟ. ಬಾಯಿ ಬಿಡಲಿಲ್ಲ. ನೋಡಲು ಬಂದವರಿಗೆಲ್ಲ ಭಾವ ‘ನನ್ನದೇ ಅವಸರ’ ಎಂದು ಹೇಳುತ್ತಿದ್ದ. ಅದನ್ನು ಕೇಳಿಸಿಕೊಂಡೂ ಬಡಗಿ ಸುಮ್ಮನಿದ್ದ. ಅವನಿಗೆ ಅನ್ನ ಇಳಿಯಲಿಲ್ಲ, ನಿದ್ದೆ ಹತ್ತಲಿಲ್ಲ.

ಕೊನೆಗೆ ತಡೆಯಲಾರದೆ ಭಾವನ ಮುಂದೆ ಹೋಗಿ ಕೂತ. “ದೃಷ್ಟಿನೂ ಅಲ್ಲ ಭಾವ, ನಿಮ್ಮ ಅವಸರಾನೂ ಅಲ್ಲ. ನಾನು ಹಲ್ಲು ನೋಡಿರ್ಲಿಲ್ಲ. ನೋಡದೇನೇ ಕೂಗ್ಬಿಟ್ಟೆ. ಅವತ್ತೊಂದು ದಿನ ಅಲ್ಲ, ಎಷ್ಟೋ ವರ್ಷದಿಂದ ಹಂಗೇ ಕೂಗ್ತಿದ್ದೆ” ಎಂದ.

ಭಾವ ಹೇಳಿದ: “ಆ ಮಿಷನ್ ಅಂದ್ರೆ ನಂಗೆ ಮೊದಲಿಂದ್ಲೂ ಹೆದರಿಕೆ ಕಣೋ. ಅದನ್ನ ಯಾವತ್ತೂ ನಂಬಿದವನಲ್ಲ. ನಿನ್ನ ಕೂಗು ನಂಬಿ ಕೈ ಇಡ್ತಿದ್ದೆ.”

ಬೈದಿದ್ದರೆ ಬಡಗಿಗೆ ಹಗುರವಾಗುತ್ತಿತ್ತು. ಭಾವ ಬೈಯಲಿಲ್ಲ. ತನ್ನ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟ. ತುಕ್ಕು ಹಿಡಿಯಲು ಬಿಡಬೇಡ ಎಂದಷ್ಟೇ ಹೇಳಿದ.

ವ್ಯಾಪಾರಿ ಬಂದು, ಬೇರೆ ಕೆತ್ತನೆಯವನನ್ನು ಕರೆಸಿ ಎರಡನೆಯ ಕದ ಮುಗಿಸು ಎಂದ. ಬಡಗಿ ಒಪ್ಪಲಿಲ್ಲ. ಅವನಿಗೆ ಬೇರೆ ಬಾಗಿಲು ಮಾಡಿಕೊಟ್ಟು, ಆ ಜೋಡಿ ಕದಗಳನ್ನು ತನ್ನ ಕಾರ್ಖಾನೆಗೇ ಹಾಕಿಕೊಂಡ. ಒಂದರ ಮೇಲೆ ಗಿಳಿ, ಇನ್ನೊಂದು ಬೋಳು. ದಿನವೂ ಬೀಗ ತೆಗೆದು ಎರಡನ್ನೂ ತಳ್ಳಿಕೊಂಡೇ ಅವನು ಒಳಗೆ ಹೋಗಬೇಕು.

ಗರಗಸದ ಹಿಂದೆ ಅವನು ಮತ್ತೆ ಯಾರನ್ನೂ ನಿಲ್ಲಿಸಲಿಲ್ಲ. ಚಿಕ್ಕ ಮರಗಳನ್ನು ಮಾತ್ರ ಒಬ್ಬನೇ ಸೀಳುತ್ತಿದ್ದ. ಸ್ವಿಚ್ಚು ಆರಿಸಿ ಗರಗಸದ ಮುಂದೆ ನಿಂತುಕೊಳ್ಳುತ್ತಿದ್ದ. ನುಣುಪಾದ ಪಟ್ಟಿಯಲ್ಲಿ ಮೊದಲು ಮಸುಕಾಗಿ, ಆಮೇಲೆ ಒಂದೊಂದಾಗಿ ಹಲ್ಲು ಮೂಡುವುದನ್ನು ನೋಡುತ್ತಿದ್ದ. ಎಲ್ಲ ಸ್ತಬ್ಧವಾದ ಮೇಲೆ, ಯಾರೂ ಇಲ್ಲದ ಕಡೆಗೆ “ನಿಂತಿದೆ ಭಾವ” ಎಂದು ಕೂಗುತ್ತಿದ್ದ. ಕಾಯಬೇಕಾದದ್ದು ಎಷ್ಟು ಹೊತ್ತು? ಒಂದು ಎಲೆಗೆ ಸುಣ್ಣ ಹಚ್ಚಿ ಮಡಿಸುವಷ್ಟು ಹೊತ್ತು. ಅಷ್ಟು ವರ್ಷ ತಾನು ಉಳಿಸಿದ್ದು ಇಷ್ಟನ್ನೇ ಎಂದು ನೆನೆದು ಅವನಿಗೆ ಅಳು ಬರುತ್ತಿತ್ತು. ‘ನಿಮ್ಮ ಕೈ ಬರೋ ಹೊತ್ತಿಗೆ ನಿಲ್ಲುತ್ತೆ ಬಿಡಿ’ ಎಂದು ತಾನೇ ಹೇಳಿ ನಕ್ಕದ್ದು ನೆನಪಾಗುತ್ತಿತ್ತು.

ಭಾವ ಮನೆಯಲ್ಲಿ ಕೂರಲಾರದೆ ದಿನವೂ ಬಂದು ಕಾರ್ಖಾನೆಯ ಹೊರಗಿನ ದಿಮ್ಮಿಯ ಮೇಲೆ ಕೂರುತ್ತಿದ್ದ. ಒಳಗಿನಿಂದ ಆ ಕೂಗು ಕೇಳಿದಾಗ ಅಭ್ಯಾಸದಂತೆ ಎದ್ದು ನಿಲ್ಲುತ್ತಿದ್ದ. ಕೈ ಚಾಚಲು ಹೋಗಿ, ಕೈಯನ್ನು ನೋಡಿಕೊಂಡು, ಮತ್ತೆ ಕೂರುತ್ತಿದ್ದ.

ಗುರುಗಳು ಕತೆ ಮುಗಿಸಿದರು.

ಶಿಷ್ಯನಿಗೆ ವಾದ ಬಿಡಲು ಮನಸ್ಸಾಗಲಿಲ್ಲ. “ಪಾಪ, ಹಾಗಾಗಬಾರದಿತ್ತು” ಎಂದ. “ಆದರೆ ಗುರುಗಳೇ, ಅಲ್ಲಿ ಗರಗಸದ ಹಿಂದೆ ಒಬ್ಬನಿದ್ದ. ನನ್ನ ಮಾತು ನಂಬಿ ಕೈ ಇಡುವವರು ಇಲ್ಲಿ ಯಾರೂ ಇರಲಿಲ್ಲ. ನಾನು ಹೋಗಿ ಮುಚ್ಚಳ ಹಾಕುವಾಗ ಅಂಗಳ ಖಾಲಿಯಾಗಿತ್ತು.”

ಗುರುಗಳು ಗೋಡೆಯ ಕಡೆ ಕೈ ಚಾಚಿದರು. ತಡವಿ ಊರುಗೋಲನ್ನು ತೆಗೆದುಕೊಂಡು ಅವನ ತೊಡೆಯ ಮೇಲೆ ಇಟ್ಟರು.

“ತುದಿಯ ಬಟ್ಟೆ ಮುಟ್ಟಿ ನೋಡು, ಇನ್ನೂ ಒಣಗಿಲ್ಲ.”